ಬಾಲ್ಸಾ ಹಾಳೆ ವಿಂಗಡಿಸುವಾಗ ತೂಕ ನೋಡಬೇಕೋ, ಎಳೆ ನೋಡಬೇಕೋ?

ಹಗುರರೆಕ್ಕೆ

ಒಂದೂವರೆ ಮೀಟರ್ ರೆಕ್ಕೆಯ ರೇಡಿಯೊ ಗ್ಲೈಡರ್ (ಎಂಜಿನ್ ಇಲ್ಲದ ಮಾದರಿ ವಿಮಾನ) ಕಟ್ಟಲು ಬಾಲ್ಸಾ ಎಂಬ ಹಗುರ ಮರದ ಹಾಳೆಗಳ ಕಟ್ಟು ತರಿಸಿದ್ದೇನೆ. ದಪ್ಪ 1.5, 2, 3 ಮತ್ತು 5 ಮಿ.ಮೀ., ಅಳತೆ ಎಲ್ಲವೂ 1000 × 100 ಮಿ.ಮೀ. ಕಟ್ಟಿನ ಮೇಲೆ ‘ಮೀಡಿಯಂ’ ಎಂದಷ್ಟೇ ಬರೆದಿದೆ. ಆದರೆ 1.5 ಮಿ.ಮೀ. ಹಾಳೆಗಳಲ್ಲೇ ಒಂದು 15 ಗ್ರಾಂ ತೂಗಿದರೆ ಇನ್ನೊಂದು 31 ಗ್ರಾಂ ಇದೆ. ಕೆಲವು ಹಾಳೆ ಅಡ್ಡಕ್ಕೆ ಸುಲಭವಾಗಿ ಸುರುಳಿಯಾಗುತ್ತವೆ, ಕೆಲವು ತುಸು ಬಗ್ಗಿಸಿದರೂ ಉದ್ದಕ್ಕೆ ಸೀಳುತ್ತವೆ. ಇನ್ನು ಕೆಲವುಗಳ ಮೈಮೇಲೆ ಹೊಳೆಯುವ ಚುಕ್ಕೆಗಳಿವೆ.

ಯಾವ ಹಾಳೆ ಯಾವ ಭಾಗಕ್ಕೆ ಎಂದು ನಿರ್ಧರಿಸುವುದು ಹೇಗೆ? ತೂಕ ಒಂದನ್ನೇ ನೋಡಿದರೆ ಸಾಕೇ? ಜೊತೆಗೆ, ಇಷ್ಟು ಮೆತ್ತಗಿರುವ ಮರವನ್ನು ಕೆಲವರು ‘ಹಾರ್ಡ್‌ವುಡ್’ ಎನ್ನುತ್ತಾರಲ್ಲ, ಅದು ಸರಿಯೇ?

ತಕ್ಕಡಿ

ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸೋಣ. ಹೌದು, ಬಾಲ್ಸಾ ಹಾರ್ಡ್‌ವುಡ್ಡೇ. ಆ ವಿಂಗಡಣೆಗೂ ಉಗುರಿನಿಂದ ಒತ್ತಿದರೆ ಗುಳಿ ಬೀಳುತ್ತದೋ ಇಲ್ಲವೋ ಎನ್ನುವುದಕ್ಕೂ ಸಂಬಂಧವಿಲ್ಲ. ಹೂಬಿಟ್ಟು ಕಾಯಿ ಕಟ್ಟುವ ಮರಗಳು ಒಂದು ಕಡೆ, ಪೈನ್, ಸ್ಪ್ರೂಸ್‌ಗಳಂಥ ಶಂಕುಧಾರಿ ಮರಗಳು ಇನ್ನೊಂದು ಕಡೆ, ಅಷ್ಟೇ. ಬಾಲ್ಸಾದ ಸಸ್ಯನಾಮ ಓಕ್ರೋಮಾ ಪಿರಮಿಡೇಲ್. ದಾಸವಾಳ, ಹತ್ತಿ, ಬೂರುಗ ಇರುವ ಮಾಲ್ವೇಸಿ ಕುಟುಂಬಕ್ಕೆ ಸೇರಿದ ಮರ. ಹಳೆಯ ಪುಸ್ತಕಗಳಲ್ಲಿ ಓಕ್ರೋಮಾ ಲಾಗೋಪಸ್ ಎಂದು ಕಂಡರೆ ಅದೂ ಇದೇ. ದಕ್ಷಿಣ ಮೆಕ್ಸಿಕೊದಿಂದ ಬೊಲಿವಿಯಾದವರೆಗೆ ಕಾಡಿನಲ್ಲಿ ತಾನಾಗಿ ಬೆಳೆಯುತ್ತದೆ. ಮಾರುಕಟ್ಟೆಗೆ ಬರುವುದರಲ್ಲಿ ಬಹುಪಾಲು ಈಕ್ವೆಡಾರ್‌ನದು.

ಈಗ ತೂಕ. ಬಾಲ್ಸಾದ ಸಾಂದ್ರತೆ ಘನಮೀಟರಿಗೆ ಸುಮಾರು 40 ಕೆಜಿಯಿಂದ 340 ಕೆಜಿವರೆಗೂ ಇರುತ್ತದೆ. ಬೇರೆ ಯಾವ ವಾಣಿಜ್ಯ ಮರದಲ್ಲೂ ಇಷ್ಟು ಅಂತರ ಕಾಣುವುದು ಕಷ್ಟ. ಕಾರಣ ಮರದ ಬೆಳವಣಿಗೆಯಲ್ಲೇ ಇದೆ. ಬಯಲಾದ ಜಾಗದಲ್ಲಿ ಬಿಸಿಲಿಗೆ ಪೈಪೋಟಿಯಿಂದ ಏರುವ ಈ ಮರ ಮೊದಲ ವರ್ಷಗಳಲ್ಲಿ ತೆಳು ಗೋಡೆಯ ದೊಡ್ಡ ಕೋಶಗಳನ್ನು ಕಟ್ಟುತ್ತದೆ, ವಯಸ್ಸಾದಂತೆ ಗೋಡೆ ದಪ್ಪವಾಗುತ್ತದೆ. ಹಾಗಾಗಿ ಒಂದೇ ದಿಮ್ಮಿಯಲ್ಲೂ ತಿರುಳಿನ ಹತ್ತಿರ ಹಗುರ, ತೊಗಟೆಯ ಕಡೆಗೆ ಭಾರ. ಕೋಶದ ಗೋಡೆಯ ವಸ್ತು ಯಾವ ಮರದಲ್ಲಾದರೂ ಘನಮೀಟರಿಗೆ ಸುಮಾರು 1500 ಕೆಜಿ. ಅಂದರೆ 150 ಕೆಜಿಯ ಬಾಲ್ಸಾದಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ ಮರ, ಉಳಿದ ಒಂಬತ್ತು ಪಾಲು ಗಾಳಿ.

ನಿಮ್ಮ ಹಾಳೆಗಳ ಅಳತೆಗೆ ಲೆಕ್ಕ ಬಹಳ ಸುಲಭ. 1000 × 100 ಮಿ.ಮೀ. ಹಾಳೆಯಲ್ಲಿ ಪ್ರತಿ 1 ಮಿ.ಮೀ. ದಪ್ಪಕ್ಕೆ 100 ಘನ ಸೆಂ.ಮೀ. ಇರುತ್ತದೆ. ಗ್ರಾಂ ತೂಕವನ್ನು ದಪ್ಪದಿಂದ ಭಾಗಿಸಿ ಹತ್ತರಿಂದ ಗುಣಿಸಿದರೆ ಘನಮೀಟರಿಗೆ ಇಷ್ಟು ಕೆಜಿ ಎಂಬ ಸಾಂದ್ರತೆ ಬಂತು. ಮುಂದೆ ಬರೀ ಕೆಜಿ ಎಂದರೆ ಅದೇ. ನಿಮ್ಮ 15 ಗ್ರಾಂ ಹಾಳೆ 100 ಕೆಜಿ, 31 ಗ್ರಾಂನದು ಸುಮಾರು 207 ಕೆಜಿ. ಎರಡಕ್ಕೂ ‘ಮೀಡಿಯಂ’ ಎಂಬ ಒಂದೇ ಹೆಸರು ಒಪ್ಪುವುದಿಲ್ಲ. 915 × 75 ಮಿ.ಮೀ. ಹಾಳೆ ಸಿಕ್ಕರೆ ಹತ್ತರ ಬದಲು 14.6ರಿಂದ ಗುಣಿಸಿ.

ಮಾದರಿ ವಿಮಾನ ಕಟ್ಟುವವರಲ್ಲಿ ರೂಢಿಯಲ್ಲಿರುವ ವರ್ಗಗಳು ಘನ ಅಡಿಗೆ ಇಷ್ಟು ಪೌಂಡ್ ಎಂಬ ಲೆಕ್ಕದಿಂದ ಬಂದವು. 1 ಪೌಂಡ್ ಎಂದರೆ ಇಲ್ಲಿ ಸುಮಾರು 16 ಕೆಜಿ. 4ರಿಂದ 6 ಪೌಂಡ್, ಅಂದರೆ 64–96 ಕೆಜಿ, ಸ್ಪರ್ಧೆಯ ದರ್ಜೆ, ಒಳಾಂಗಣ ಮಾದರಿಗಳಿಗೆ. 96–128 ಲೈಟ್. 128–192 ಮೀಡಿಯಂ. 192–256 ಹಾರ್ಡ್. ಅದಕ್ಕೂ ಮೇಲಿನದು ಎಕ್ಸ್‌ಟ್ರಾ ಹಾರ್ಡ್. ಗಡಿಗಳು ಮಾರುವವರಿಂದ ಮಾರುವವರಿಗೆ ಬದಲಾಗುತ್ತವೆ. ಅದಕ್ಕೇ ಹೆಸರನ್ನು ಬಿಟ್ಟು ಸಂಖ್ಯೆಯನ್ನೇ ಹಾಳೆಯ ತುದಿಯಲ್ಲಿ ಪೆನ್ಸಿಲ್ಲಿನಿಂದ ಬರೆದಿಡಿ.

ಲೆಕ್ಕ ಕೆಡಿಸುವ ಸಂಗತಿ ಎರಡು. 1.5 ಎಂದು ಹೇಳಿದ ಹಾಳೆ ನಿಜಕ್ಕೂ 1.65 ಇದ್ದರೆ ಸಾಂದ್ರತೆ ಶೇ. 10ರಷ್ಟು ಹೆಚ್ಚಾಗಿ ಕಾಣುತ್ತದೆ. ಕ್ಯಾಲಿಪರ್‌ನಿಂದ ನಾಲ್ಕೈದು ಕಡೆ ಅಳೆಯಿರಿ, ಆದರೆ ಒತ್ತಬೇಡಿ, ಬಾಲ್ಸಾ ಅಮುಕಿ ತಪ್ಪು ಅಳತೆ ಕೊಡುತ್ತದೆ. ಎರಡನೆಯದು ತೇವ. ಶೇ. 8 ತೇವಾಂಶದ ಹಾಳೆ ಶೇ. 14ಕ್ಕೆ ಏರಿದರೆ ತೂಕ ಶೇ. 5ಕ್ಕಿಂತ ತುಸು ಹೆಚ್ಚೇ ಏರುತ್ತದೆ. ಎಲ್ಲ ಹಾಳೆಗಳನ್ನೂ ಒಂದೇ ಕೋಣೆಯಲ್ಲಿ ಕೆಲವು ದಿನ ಬಿಡಿಸಿಟ್ಟು, ಒಂದೇ ದಿನ ತೂಗಿ.

ಬಲದ ಅಂದಾಜಿಗೆ: 160 ಕೆಜಿಯ ಒಣ ಬಾಲ್ಸಾದ ಬಾಗುವ ಬಲ ಸುಮಾರು 21.6 ಮೆಗಾಪ್ಯಾಸ್ಕಲ್, ಬಿಗುವಿನ ಮಾಪಾಂಕ (ಬಾಗದೆ ನಿಲ್ಲುವ ಗುಣದ ಅಳತೆ) 3400 ಮೆಗಾಪ್ಯಾಸ್ಕಲ್, ಎಳೆಯುದ್ದಕ್ಕೆ ಒತ್ತುವ ಬಲ 14.9. ಸಾಂದ್ರತೆ ಅರ್ಧವಾದರೆ ಇವೂ ಹೆಚ್ಚುಕಡಿಮೆ ಅರ್ಧವಾಗುತ್ತವೆ. ಆದರೆ ಹಾಳೆ ಬಾಗುವುದನ್ನು ತಡೆಯುವ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 200 ಕೆಜಿಯ 1.5 ಮಿ.ಮೀ. ಹಾಳೆಯ ಜಾಗದಲ್ಲಿ 100 ಕೆಜಿಯ 3 ಮಿ.ಮೀ. ಹಾಳೆ ಹಾಕಿದರೆ ತೂಕ ಅಷ್ಟೇ, ಬಿಗುವು ಸುಮಾರು ನಾಲ್ಕು ಪಟ್ಟು. ಹಾಗಾಗಿ ದಪ್ಪಕ್ಕೆ ಜಾಗವಿದ್ದಲ್ಲೆಲ್ಲ ಹಗುರವಾದುದನ್ನೇ ಹಾಕಿ ಎಂಬುದು ನನ್ನ ಸಲಹೆ.

ಮರದೆಳೆ

ತಕ್ಕಡಿಯವರ ಲೆಕ್ಕ ಸರಿ, ಆದರೆ ಕೊನೆಯ ಮಾತಿಗೆ ಒಂದು ತಿದ್ದುಪಡಿ ಬೇಕು. 100 ಕೆಜಿಯ ಹಾಳೆ ಬಾಗದಿರಬಹುದು, ಬೆರಳು ತಗುಲಿದರೆ ಗುಳಿ ಬೀಳುತ್ತದೆ. ಕೈಯಲ್ಲಿ ಹಿಡಿದು ಎಸೆಯುವ ಗ್ಲೈಡರ್‌ನ ಒಡಲಿಗೆ, ರೆಕ್ಕೆ ಕೂರುವ ಜಾಗಕ್ಕೆ ಅದು ಆಗದು. ಮತ್ತು ನೀವು ಕೇಳಿದ ಸೀಳುವ ಸಮಸ್ಯೆಗೆ ತೂಕದಲ್ಲಿ ಉತ್ತರವಿಲ್ಲ. ಅದು ದಿಮ್ಮಿಯಿಂದ ಹಾಳೆಯನ್ನು ಯಾವ ದಿಕ್ಕಿನಲ್ಲಿ ಕೊಯ್ದಿದ್ದಾರೆ ಎಂಬುದರಲ್ಲಿದೆ.

ಮರದೊಳಗೆ ಎಳೆಗಳು ಬುಡದಿಂದ ತುದಿಗೆ ಹೋಗುತ್ತವೆ. ಅವನ್ನು ಅಡ್ಡ ಹಾಯ್ದು, ತಿರುಳಿನಿಂದ ತೊಗಟೆಯತ್ತ ತೆಳುವಾದ ಕೋಶಪಟ್ಟಿಗಳು ಹೊರಡುತ್ತವೆ, ಇವೇ ಮಜ್ಜಾಕಿರಣಗಳು. ಕಿರಣ ಓಡುವ ದಿಕ್ಕಿನಲ್ಲಿ ಮರ ಬಿಗಿ, ಅದಕ್ಕೆ ಅಡ್ಡಲಾದ ದಿಕ್ಕಿನಲ್ಲಿ ಸಡಿಲ. ಹಾಳೆಗಳನ್ನು ಎ, ಬಿ, ಸಿ ಗ್ರೇನ್ (ಎಳೆ) ಎಂದು ವಿಂಗಡಿಸುವುದು ಇಲ್ಲಿಂದಲೇ ಹುಟ್ಟುತ್ತದೆ.

ಎ ಗ್ರೇನ್ ಎಂದರೆ ವಾರ್ಷಿಕ ಉಂಗುರಕ್ಕೆ ಸಮಾನಾಂತರವಾಗಿ ಕೊಯ್ದ ಹಾಳೆ. ಮೈಮೇಲೆ ಉದ್ದುದ್ದ ಗೆರೆಗಳು ಮಾತ್ರ, ಚುಕ್ಕೆಯಿಲ್ಲ. ಕಿರಣಗಳು ಹಾಳೆಯ ದಪ್ಪವನ್ನು ತೂರಿಕೊಂಡು ನಿಂತಿರುತ್ತವೆ, ಅಗಲದ ದಿಕ್ಕಿನಲ್ಲಿ ಬಿಗಿಗೊಳಿಸುವುದು ಏನೂ ಇರುವುದಿಲ್ಲ. ಅದಕ್ಕೇ ಸುರುಳಿಯಾಗುತ್ತದೆ. ರೆಕ್ಕೆಯ ಮುಂದಂಚಿನ ಹೊದಿಕೆ, ದುಂಡು ಒಡಲು, ಸುತ್ತಿ ಮಾಡುವ ಕೊಳವೆ, ಇವಕ್ಕೆ ಇದೇ ಬೇಕು. ಚಪ್ಪಟೆಯಾಗಿ ನಿಲ್ಲಬೇಕಾದ ಬಾಲಕ್ಕೆ ಬಳಸಿದರೆ ಸೊಟ್ಟಗಾಗುತ್ತದೆ.

ಸಿ ಗ್ರೇನ್ ತಿರುಳಿನಿಂದ ತೊಗಟೆಯತ್ತ, ಅಂದರೆ ತ್ರಿಜ್ಯದ ದಿಕ್ಕಿನಲ್ಲಿ ಕೊಯ್ದದ್ದು. ಕಿರಣಗಳು ಹಾಳೆಯ ಮೈಯೊಳಗೇ ಅಡ್ಡಲಾಗಿ ಮಲಗಿರುತ್ತವೆ. ನೀವು ಕಂಡ ಹೊಳೆಯುವ ಚುಕ್ಕೆಗಳು ಅವೇ. ಬೆಳಕಿಗೆ ಓರೆಯಾಗಿ ಹಿಡಿದರೆ ಮೀನಿನ ಹುರುಪೆಯಂತೆ ಮಿನುಗುತ್ತವೆ. ಅಡ್ಡಕ್ಕೆ ಬಹಳ ಬಿಗಿ, ಸೊಟ್ಟಗಾಗುವುದು ಕಡಿಮೆ, ಬಗ್ಗಿಸಿದರೆ ಸೀಳು. ರಿಬ್ಬು (ರೆಕ್ಕೆಗೆ ಆಕಾರ ಕೊಡುವ ಅಡ್ಡ ತುಂಡು), ಚಪ್ಪಟೆ ಬಾಲ, ಹಿಂದಂಚು, ಒಡಲಿನ ಅಡ್ಡ ಚೌಕಟ್ಟುಗಳಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಇವೆರಡರ ನಡುವಿನದು ಬಿ. ಸಣ್ಣ ಗೆರೆ, ಅಲ್ಲಲ್ಲಿ ಚುಕ್ಕೆ. ಒಡಲಿನ ಪಕ್ಕಗಳಿಗೆ, ಮಂದ ತಿರುವಿನ ಕೆಲಸಕ್ಕೆ ಸರಿ. ಬಹಳಷ್ಟು ಹಾಳೆ ಇದೇ ಜಾತಿಯವು. ಒಂದಂಚು ಎ, ಇನ್ನೊಂದಂಚು ಸಿ ಆಗಿರುವ ಹಾಳೆಯೂ ಸಿಗುತ್ತದೆ. ಅದನ್ನು ಉದ್ದಕ್ಕೆ ಎರಡು ಪಾಲು ಮಾಡಿ ಬೇರೆ ಬೇರೆ ಕೆಲಸಕ್ಕೆ ಬಳಸಿ.

ಎಳೆಯ ದಿಕ್ಕಿಗೆ ಇನ್ನೊಂದು ಪರಿಣಾಮವಿದೆ, ಇದನ್ನು ಅನೇಕರು ಗಮನಿಸುವುದಿಲ್ಲ. ಹಸಿಮರ ಪೂರ್ತಿ ಒಣಗುವಾಗ ಬಾಲ್ಸಾ ಉಂಗುರದ ದಿಕ್ಕಿನಲ್ಲಿ ಶೇ. 7.6 ಕುಗ್ಗುತ್ತದೆ, ತ್ರಿಜ್ಯದ ದಿಕ್ಕಿನಲ್ಲಿ ಶೇ. 3 ಮಾತ್ರ. ಈ ಪೂರ್ತಿ ಕುಗ್ಗುವಿಕೆ ಶೇ. 30ರ ಆಸುಪಾಸಿನ ತೇವಾಂಶದಿಂದ ಸೊನ್ನೆಗೆ ಇಳಿಯುವಾಗ ಆಗುವಂಥದ್ದು. ತೇವಾಂಶ 6 ಅಂಶ ಏರಿಳಿದರೆ 100 ಮಿ.ಮೀ. ಅಗಲದ ಎ ಹಾಳೆ ಸುಮಾರು 1.5 ಮಿ.ಮೀ. ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ, ಸಿ ಹಾಳೆ 0.6 ಮಿ.ಮೀ. ನೀರು ಬೆರೆತ ಅಂಟು ಹಚ್ಚಿ ಎ ಹಾಳೆಯನ್ನು ರಿಬ್ಬುಗಳ ಮೇಲೆ ಹೊದಿಸಿದಾಗ ಒಣಗಿದ ಮೇಲೆ ರಿಬ್ಬುಗಳ ನಡುವೆ ತಗ್ಗು ಬೀಳುವುದು ಇದರಿಂದಲೇ.

ನಿಮ್ಮ ಗ್ಲೈಡರ್‌ಗೆ ಹೀಗೆ ಹಂಚಬಹುದು. ರಿಬ್ಬು: 2 ಮಿ.ಮೀ., ಸಿ, 110–130 ಕೆಜಿ. ಮುಂದಂಚಿನ ಹೊದಿಕೆ: 1.5 ಮಿ.ಮೀ., ಎ, 100–120. ಒಡಲಿನ ಪಕ್ಕ: 3 ಮಿ.ಮೀ., ಬಿ, 140–160. ಬಾಲ: 5 ಮಿ.ಮೀ., ಸಿ, 100ರ ಒಳಗಿದ್ದರೆ ಬಹಳ ಒಳ್ಳೆಯದು. ಬಾಲದಲ್ಲಿ ಜಿಪುಣತನ ಮಾಡಲೇಬೇಕು: ಗುರುತ್ವ ಕೇಂದ್ರದಿಂದ ಬಾಲ ಇರುವ ದೂರ ಮೂತಿಯ ದೂರಕ್ಕಿಂತ ಮೂರು ಪಟ್ಟಿದ್ದರೆ ಬಾಲದ ಪ್ರತಿ ಗ್ರಾಂಗೆ ಮೂತಿಯಲ್ಲಿ 3 ಗ್ರಾಂ ಸೀಸ ಇಡಬೇಕಾಗುತ್ತದೆ. ನಿಮ್ಮ 31 ಗ್ರಾಂ ಹಾಳೆಯನ್ನು ಹೊದಿಕೆಗೆ ಹಾಳು ಮಾಡಬೇಡಿ. ರೆಕ್ಕೆಯುದ್ದಕ್ಕೂ ಓಡುವ ಮೇಲಿನ ಕೆಳಗಿನ ಕೋಲುಗಳ, ಅಂದರೆ ಸ್ಪಾರ್‌ಗಳ, ನಡುವೆ ನಿಲ್ಲಿಸುವ ವೆಬ್ ಎಂಬ ಹಾಳೆತುಂಡುಗಳಿಗೆ ಅದು ಹೇಳಿ ಮಾಡಿಸಿದ್ದು. ವೆಬ್‌ನ ಎಳೆ ಮೇಲಿಂದ ಕೆಳಕ್ಕೆ ನಿಂತಿರಲಿ. ರೆಕ್ಕೆ ಮೇಲಕ್ಕೆ ಬಾಗಿದಾಗ ಎರಡು ಸ್ಪಾರ್‌ಗಳು ಹತ್ತಿರಕ್ಕೆ ಬರಲು ನೋಡುತ್ತವೆ, ನಿಂತ ಎಳೆ ಅದನ್ನು ತಡೆಯುತ್ತದೆ. ಮಲಗಿದ ಎಳೆಯ ವೆಬ್ ಉದ್ದಕ್ಕೆ ಸೀಳಿಹೋಗುತ್ತದೆ.

ಹಗುರರೆಕ್ಕೆ

ಬಹಳ ಉಪಕಾರವಾಯಿತು. ಚುಕ್ಕೆಯಿಲ್ಲದ 1.5 ಮಿ.ಮೀ. ಹಾಳೆಗಳಲ್ಲಿ ಮೂರು 110ರ ಆಸುಪಾಸು ಬಂದವು. ಆದರೆ ಮುಂದಂಚಿನ ತಿರುವಿನ ತ್ರಿಜ್ಯ ಸುಮಾರು 8 ಮಿ.ಮೀ. ಮಾತ್ರ. ಎ ಗ್ರೇನ್ ಆದರೂ ಒಣ ಹಾಳೆ ಅಷ್ಟು ಬಗ್ಗುತ್ತಿಲ್ಲ. ನೀರಲ್ಲಿ ನೆನೆಸಬೇಕೇ? ಅಂಟು ಯಾವುದು ಸೂಕ್ತ?

ಸಾಣೆಗಾರ

ಇಡೀ ಹಾಳೆಯನ್ನು ಮುಳುಗಿಸಬೇಡಿ. ಹೊರಮೈಗೆ ಮಾತ್ರ ಬಿಸಿನೀರನ್ನು ಸ್ಪಂಜಿನಿಂದ ಹಚ್ಚಿ. ಒದ್ದೆಯಾದ ಬದಿ ಹಿಗ್ಗಿ ಹಾಳೆ ತಾನೇ ಬೇಕಾದ ಕಡೆಗೆ ಬಾಗಲು ಶುರುಮಾಡುತ್ತದೆ. ಐದು ನಿಮಿಷ ಬಿಟ್ಟು, ತಿರುವಿಗಿಂತ ಸ್ವಲ್ಪ ಸಣ್ಣ ಕೊಳವೆ ಅಥವಾ ದುಂಡು ಕೋಲಿನ ಮೇಲೆ ಬಾಗಿಸಿ ಬಟ್ಟೆಯ ಪಟ್ಟಿ ಸುತ್ತಿ. ದಾರ ಬೇಡ, ಒದ್ದೆ ಬಾಲ್ಸಾದಲ್ಲಿ ಅಚ್ಚು ಮೂಡುತ್ತದೆ. ಒಂದು ರಾತ್ರಿ ಪೂರ್ತಿ ಒಣಗಲಿ. ಬಿಚ್ಚಿದಾಗ ಸ್ವಲ್ಪ ಹಿಂದಕ್ಕೆ ಬಿಚ್ಚಿಕೊಳ್ಳುವುದರಿಂದಲೇ ಕೊಳವೆ ಸಣ್ಣದಿರಬೇಕು ಎಂದದ್ದು. 8 ಮಿ.ಮೀ. ತ್ರಿಜ್ಯಕ್ಕೆ ನೀರು ಸಾಲದಿದ್ದರೆ ಮನೆಬಳಕೆಯ ಅಮೋನಿಯಾ ದ್ರಾವಣ ಬೆರೆಸಿದ ನೀರು ಹಚ್ಚಬಹುದು. ಅದು ಎಳೆಗಳನ್ನು ಹಿಡಿದಿಟ್ಟ ಲಿಗ್ನಿನ್ನನ್ನು ಇನ್ನಷ್ಟು ಮೃದು ಮಾಡುತ್ತದೆ. ಕಿಟಕಿ ತೆರೆದಿರಲಿ, ಬ್ಲೀಚ್ ಹತ್ತಿರಕ್ಕೂ ಬರಬಾರದು.

ಇಷ್ಟು ಸಣ್ಣ ತಿರುವಿಗೆ ನಾನಾದರೆ ಬಗ್ಗಿಸುವ ಗೊಡವೆಗೇ ಹೋಗುವುದಿಲ್ಲ. ಹೊದಿಕೆಯನ್ನು ತಿರುವು ಶುರುವಾಗುವಲ್ಲಿ ನಿಲ್ಲಿಸಿ, ಮುಂದೆ 150 ಕೆಜಿಯ ಒಂದು ಪಟ್ಟಿ ಅಂಟಿಸಿ, ಒರಟು ಆಕಾರವನ್ನು ಸಣ್ಣ ಹತ್ತರಿಯಿಂದ ಹೆರೆದು, ಸ್ಯಾಂಡ್‌ಪೇಪರ್‌ನಿಂದ ದುಂಡಗೆ ಮಾಡುವುದು ಹೆಚ್ಚು ನಂಬಿಕೆಯ ದಾರಿ. ನೆಲಕ್ಕೆ ತಗುಲಿದಾಗಲೂ ತಾಳಿಕೊಳ್ಳುತ್ತದೆ.

ಅಂಟಿನ ವಿಷಯ. ರಿಬ್ಬು ಮತ್ತು ಸ್ಪಾರ್ ಸೇರುವಲ್ಲಿ ತೆಳು ಸೈನೊಅಕ್ರಿಲೇಟ್ (ಸೂಪರ್ ಗ್ಲೂ) ಬೇಗ ಹಿಡಿಯುತ್ತದೆ, ಆದರೆ ಸಂದು ಬಿಗಿಯಾಗಿ ಕೂತಿದ್ದರೆ ಮಾತ್ರ. ಸಂದಿನಲ್ಲಿ ಬೆಳಕು ಕಂಡರೆ ಅದು ಎಳೆಯೊಳಗೆ ಹೀರಿಹೋಗಿ ಸಂದು ಖಾಲಿ ಉಳಿಯುತ್ತದೆ, ಅಲ್ಲಿ ಮಧ್ಯಮ ದಪ್ಪದ್ದು ಬೇಕು. ಮೇಲ್ಮೈಯಲ್ಲಿ ಉಜ್ಜಬೇಕಾದ ಕಡೆ ಇದನ್ನು ಹಾಕಲೇಬೇಡಿ: ಅಂಟು ಬಾಲ್ಸಾಕ್ಕಿಂತ ಎಷ್ಟೋ ಗಟ್ಟಿ, ಉಜ್ಜಿದಾಗ ಅಕ್ಕಪಕ್ಕದ ಮರ ತಗ್ಗಾಗಿ ಅಂಟಿನ ಗೆರೆ ಏಣಾಗಿ ಉಳಿಯುತ್ತದೆ. ಹಾಳೆಗೆ ಹಾಳೆ ಅಂಚು ಸೇರಿಸಲು ಹಳದಿ ಮರದ ಅಂಟು ಉತ್ತಮ, ಚೆನ್ನಾಗಿ ಉಜ್ಜಿಸಿಕೊಳ್ಳುತ್ತದೆ. ಬಿಳಿ ಅಂಟು ಹಿಡಿಯುತ್ತದೆ, ಆದರೆ ಉಜ್ಜಿದರೆ ರಬ್ಬರಿನಂತೆ ಎದ್ದುಬರುತ್ತದೆ. ಎರಡು ದ್ರವ ಬೆರೆಸಿ ಹಚ್ಚುವ ಎಪಾಕ್ಸಿ ಅಂಟು ಎರಡು ರೆಕ್ಕೆ ಸೇರುವ ನಡುಭಾಗಕ್ಕೆ ಮಾತ್ರ. ಕಡಿದ ತುದಿಗೆ ಅಂಟು ಹಚ್ಚುವಾಗ ಮೊದಲು ತೆಳುವಾಗಿ ಒಮ್ಮೆ ಹಚ್ಚಿ, ಹೀರಿಕೊಳ್ಳಲು ಬಿಟ್ಟು, ಮತ್ತೆ ಹಚ್ಚಿ ಸೇರಿಸಿ. ಒಂದೇ ಸಲ ಹಚ್ಚಿದರೆ ಅಂಟೆಲ್ಲ ಕೊಳವೆಗಳೊಳಗೆ ಇಳಿದು ಸಂದು ಬಡವಾಗುತ್ತದೆ.

ಕೊಯ್ಯುವಾಗ ಹೊಸ ಬ್ಲೇಡ್, ಸ್ಟೀಲ್ ಅಡ್ಡಪಟ್ಟಿ, ಮೂರು ನಾಲ್ಕು ಹಗುರ ಎಳೆತ. ಮೊಂಡು ಬ್ಲೇಡ್ ಹಗುರ ಬಾಲ್ಸಾವನ್ನು ಕೊಯ್ಯುವುದಿಲ್ಲ, ಕೋಶಗಳನ್ನು ಜಜ್ಜುತ್ತದೆ. ಅಂಚು ಪುಡಿಪುಡಿಯಾದರೆ ಅದೇ ಕಾರಣ. ಎಳೆಗೆ ಓರೆಯಾಗಿ ಕೊಯ್ಯುವಾಗ ಬ್ಲೇಡ್ ಎಳೆಯ ಜಾಡು ಹಿಡಿದು ಜಾರುತ್ತದೆ, ಹಾಗಾಗಿ ಜಾರಿದರೂ ಬೇಡದ ತುಂಡಿನೊಳಕ್ಕೆ ಹೋಗುವಂತೆ ದಿಕ್ಕು ಆರಿಸಿಕೊಳ್ಳಿ. ಉಜ್ಜಲು 240ರ ಸ್ಯಾಂಡ್‌ಪೇಪರ್, ಕೊನೆಗೆ 400ರದು, ಯಾವಾಗಲೂ ಚಪ್ಪಟೆ ಮರದ ತುಂಡಿಗೆ ಸುತ್ತಿ. ಬೆರಳಿನಿಂದ ಒತ್ತಿ ಉಜ್ಜಿದರೆ ಮೆತ್ತಗಿನ ಭಾಗ ಬೇಗ ಸವೆದು ಮೈ ಅಲೆಯಲೆಯಾಗುತ್ತದೆ. ದೂಳು ಬಹಳ ನುಣುಪು, ಮಾಸ್ಕ್ ಹಾಕಿಕೊಳ್ಳಿ.

ದೋಣಿಕೆಲಸ

ವಿಮಾನದ ಹೊರಗಿನ ಒಂದು ದರ್ಜೆಯನ್ನೂ ಇಲ್ಲಿ ಸೇರಿಸಬೇಕು, ಮುಂದೆ ಈ ಪುಟ ಓದುವವರಿಗೆ ಬೇಕಾಗುತ್ತದೆ. ಎಂಡ್‌ಗ್ರೇನ್ ಬಾಲ್ಸಾ ಎಂದು ಮಾರುವ ಹಲಗೆಯಲ್ಲಿ ಎಳೆಗಳು ಹಲಗೆಯ ಮೈಗೆ ಲಂಬವಾಗಿ ನಿಂತಿರುತ್ತವೆ. ಸಣ್ಣ ಸಣ್ಣ ಚೌಕಗಳನ್ನು ತೆಳು ಬಲೆಬಟ್ಟೆಗೆ ಅಂಟಿಸಿ ಹಾಳೆ ಮಾಡಿರುತ್ತಾರೆ, ತಿರುವಿಗೂ ಬಗ್ಗುತ್ತದೆ. ಸಾಂದ್ರತೆ ಸಾಮಾನ್ಯವಾಗಿ 150 ಕೆಜಿಯ ಆಸುಪಾಸು. ಎರಡು ಫೈಬರ್‌ಗ್ಲಾಸ್ ಪದರಗಳ ನಡುವೆ ತಿರುಳಾಗಿ ಇಟ್ಟು ದೋಣಿಯ ಡೆಕ್ ಮತ್ತು ಗಾಳಿಯಂತ್ರದ ಅಲಗು ಕಟ್ಟುತ್ತಾರೆ. ಬಾಲ್ಸಾ ಎಳೆಯುದ್ದಕ್ಕೆ ತಾಳುವ ಒತ್ತಡ ಅಡ್ಡಕ್ಕೆ ತಾಳುವುದರ ಹತ್ತು ಪಟ್ಟಿಗೂ ಹೆಚ್ಚು. ಮೇಲಿನಿಂದ ಕಾಲಿಟ್ಟರೆ ಕುಸಿಯದಿರಲು ಎಳೆಯನ್ನು ನಿಲ್ಲಿಸುವುದೇ ದಾರಿ.

ತಿರುಳಾಗಿ ಬಳಸುವುದು ಹೊಸತೇನಲ್ಲ. 1940ರ ನವೆಂಬರ್‌ನಲ್ಲಿ ಮೊದಲು ಹಾರಿದ ಡಿ ಹ್ಯಾವಿಲೆಂಡ್ ಮಸ್ಕಿಟೊ ವಿಮಾನದ ಒಡಲು ಬರ್ಚ್ ಪ್ಲೈವುಡ್ ಪದರಗಳ ನಡುವೆ ಬಾಲ್ಸಾ ಇಟ್ಟು ಕಟ್ಟಿದ್ದು. ಅಲ್ಲಿ ಎಳೆ ಮಲಗಿತ್ತು, ಇಲ್ಲಿ ನಿಂತಿದೆ, ವ್ಯತ್ಯಾಸ ಅಷ್ಟು.

ನಿಂತ ಎಳೆಯಲ್ಲಿ ಕೆಡುಕೂ ಇದೆ. ಪ್ರತಿ ಎಳೆಯೂ ಮೇಲಿನ ಪದರದಿಂದ ಕೆಳಗಿನ ಪದರಕ್ಕೆ ತೆರೆದ ಕೊಳವೆ. ರಾಳ ಹಚ್ಚುವಾಗ ಹೀರಿ ತೂಕ ಏರಿಸುತ್ತದೆ, ಅದಕ್ಕೇ ಮೈಗೆ ಮೊದಲೇ ಸೀಲರ್ ಹಚ್ಚಿದ ಹಲಗೆ ಕೇಳಿ ತರಿಸಿಕೊಳ್ಳಿ. ಇನ್ನೂ ಕೆಟ್ಟದ್ದು ನೀರು. ಬಾಲ್ಸಾಕ್ಕೆ ಕೊಳೆಯುವುದನ್ನು ತಡೆಯುವ ಸ್ವಂತ ಶಕ್ತಿ ಇಲ್ಲವೇ ಇಲ್ಲ. ಡೆಕ್‌ಗೆ ನೇರವಾಗಿ ಸ್ಕ್ರೂ ಹಾಕಿದರೆ ಆ ತೂತಿನಿಂದ ಇಳಿದ ನೀರು ಹೊರಗೆ ಕಾಣದೆ ತಿರುಳನ್ನು ಕೊಳೆಸುತ್ತದೆ. 6 ಮಿ.ಮೀ. ಬೋಲ್ಟ್‌ಗೆ 12 ಮಿ.ಮೀ. ತೂತು ಕೊರೆದು, ಕೆಳಗೆ ಟೇಪ್ ಹಚ್ಚಿ, ತೂತಿನ ಗೋಡೆಗೆ ತೆಳು ಎಪಾಕ್ಸಿ ಬಳಿದು, ಆಮೇಲೆ ಮಂದ ಮಾಡಿದ ಎಪಾಕ್ಸಿ ತುಂಬಿ, ಒಣಗಿದ ಮೇಲೆ ನಡುವೆ 6 ಮಿ.ಮೀ. ಕೊರೆಯಿರಿ. ಈ ಕೆಲಸಕ್ಕೆ ಅಡ್ಡದಾರಿ ಇಲ್ಲ.

ಹಗುರರೆಕ್ಕೆ

ಮುಂದಂಚಿಗೆ ಪಟ್ಟಿ ಹಾಕುವ ದಾರಿಯನ್ನೇ ಹಿಡಿಯುತ್ತೇನೆ. ಕೊನೆಯದೊಂದು. ಸ್ಪಾರ್‌ಗೆ 6 × 6 ಮಿ.ಮೀ. ಬಾಲ್ಸಾ ಕೋಲುಗಳಿವೆ, ತೂಕದಲ್ಲಿ ಎಲ್ಲ ಹತ್ತಿರ ಹತ್ತಿರ. ಎಡ ಬಲಕ್ಕೆ ಜೋಡಿ ಆರಿಸಲು ತೂಕ ಸಾಕೇ?

ತಕ್ಕಡಿ

ಸಾಲದು. ಒಂದೇ ತೂಕದ ಎರಡು ಕೋಲಿನಲ್ಲಿ ಒಂದರ ಎಳೆ ನೇರವಾಗಿದ್ದು ಇನ್ನೊಂದರದು ಓರೆಯಾಗಿ ಅಂಚಿನಿಂದ ಹೊರಗೆ ಓಡಿದ್ದರೆ ಬಿಗುವು ಬೇರೆ, ಮುರಿಯುವ ಹೊರೆ ಇನ್ನೂ ಬೇರೆ. ಮೊದಲು ಕಣ್ಣಿನಿಂದ ಅಂಥವನ್ನು ತೆಗೆದುಹಾಕಿ. ಕಂದು ಬಣ್ಣದ ಗಟ್ಟಿ ಪಟ್ಟೆ ಇರುವವನ್ನೂ ಬಿಡಿ.

ಉಳಿದವನ್ನು ಬಾಗಿಸಿ ನೋಡಿ. ಕೋಲಿನ ಒಂದು ತುದಿಯನ್ನು ಮೇಜಿನ ಅಂಚಿಗೆ ಬಿಗಿದು 300 ಮಿ.ಮೀ. ಹೊರಚಾಚುವಂತೆ ಮಾಡಿ. ತುದಿಯ ಎತ್ತರ ಗುರುತು ಹಾಕಿಕೊಂಡು 50 ಗ್ರಾಂ ತೂಗುಬಿಡಿ. 12 ಮಿ.ಮೀ. ಕೆಳಗಿಳಿದರೆ ಮಾಪಾಂಕ ಸುಮಾರು 3400 ಮೆಗಾಪ್ಯಾಸ್ಕಲ್, ಅಂದರೆ 160 ಕೆಜಿಯ ಒಳ್ಳೆಯ ಮರಕ್ಕೆ ತಕ್ಕದ್ದು. 8 ಮಿ.ಮೀ. ಇಳಿದರೆ 5100, 24 ಇಳಿದರೆ 1700. ಇಳಿತಕ್ಕೂ ಬಿಗುವಿಗೂ ವಿಲೋಮ ಲೆಕ್ಕ. ಈ ಹೊರೆಯಲ್ಲಿ ಬುಡದ ಒತ್ತಡ 4 ಮೆಗಾಪ್ಯಾಸ್ಕಲ್ ಮಾತ್ರ, ಕೋಲು ಮುರಿಯುವ ಭಯವಿಲ್ಲ. ಕೋಲಿನ ದಪ್ಪ ಮಾತ್ರ ಎಲ್ಲಕ್ಕೂ ಒಂದೇ ಇರಬೇಕು. ಅಗಲ, ದಪ್ಪ ಎರಡೂ 6ರ ಬದಲು 5.8 ಇದ್ದರೆ ಅದೊಂದರಿಂದಲೇ ಇಳಿತ ಶೇ. 14ರಷ್ಟು ಹೆಚ್ಚುತ್ತದೆ.

ಪ್ರತಿ ಕೋಲನ್ನೂ ನಾಲ್ಕೂ ಮುಖ ತಿರುಗಿಸಿ ಅಳೆದು, ಕಡಿಮೆ ಇಳಿದ ಮುಖ ಮೇಲೆ ಬರುವಂತೆ ಬಾಣದ ಗುರುತು ಹಾಕಿ. ಆಮೇಲೆ ಇಳಿತ 1 ಮಿ.ಮೀ. ಒಳಗೆ ಹೊಂದುವವನ್ನು ಎಡ-ಬಲ ಜೋಡಿ ಮಾಡಿ, ಬಿಗುವಿನವು ಮೇಲಿನ ಸ್ಪಾರ್‌ಗೆ ಹೋಗಲಿ. ಹಾರುವಾಗ ಮೇಲಿನದು ಒತ್ತಡದಲ್ಲಿರುತ್ತದೆ, ಬಾಲ್ಸಾ ಸೋಲುವುದು ಹೆಚ್ಚಾಗಿ ಆ ಬದಿಯಲ್ಲೇ. ಹಗ್ಗದಿಂದ ಎಳೆದು ಹಾರಿಸುವ ಯೋಚನೆ ಇದ್ದರೆ ನಡುವಿನ ಮೂರನೇ ಒಂದು ಭಾಗದಲ್ಲಿ ಮೇಲಿನ ಸ್ಪಾರನ್ನು ಬಾಲ್ಸಾ ಬಿಟ್ಟು ಸ್ಪ್ರೂಸ್‌ನಲ್ಲಿ ಮಾಡಿ, ಎರಡು ಸೇರುವಲ್ಲಿ ಕನಿಷ್ಠ 60 ಮಿ.ಮೀ. ಉದ್ದದ ಓರೆ ಜೋಡಣೆ ಕೊಡಿ.